ನದಿಯ ಲೆಕ್ಕ ಗಡಿಯಲ್ಲಿ ನಿಲ್ಲಬಾರದು

ಮಳೆಗಾಲ ಬಂತೆಂದರೆ ಸಾಂಗ್ಲಿ, ಕೊಲ್ಹಾಪುರ, ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರ ಕಿವಿಗೆ ಒಂದು ಮಾತು ಬಿದ್ದೇ ಬೀಳುತ್ತದೆ. 'ನಿಮ್ಮ ಆಲಮಟ್ಟಿಯಿಂದಾಗಿ ನಮ್ಮ ಸಾಂಗ್ಲಿ ಮುಳುಗುತ್ತಿದೆ' ಎಂಬುದೇ ಆ ಮಾತು. ಅದೇ ಹೊತ್ತಿಗೆ ಚಿಕ್ಕೋಡಿ, ಅಥಣಿ, ರಾಯಬಾಗ, ಜಮಖಂಡಿ ಕಡೆಯಿಂದ ಬರುವ ಫೋನಿನಲ್ಲಿ ಇನ್ನೊಂದು ದೂರು: 'ಅಲ್ಲಿಯವರು ಕೊಯ್ನಾದ ನೀರು ಬಿಟ್ಟರು, ಇಲ್ಲಿ ಹೊಲ-ಮನೆ ಹೋಯಿತು.' ನೆರೆಮನೆಯ ಮರಾಠಿ ಬಂಧುವಿಗೂ, ಊರಿನ ಅಣ್ಣ-ತಮ್ಮಂದಿರಿಗೂ ಏನೆಂದು ಉತ್ತರಿಸಬೇಕೆಂದು ತಿಳಿಯದೆ ಹೊರನಾಡ ಕನ್ನಡಿಗ ಸುಮ್ಮನಾಗುತ್ತಾನೆ. ಎರಡೂ ಕಡೆಯವರ ನೋವು ನಿಜ. ಯಾರ ತಪ್ಪು ಎಂಬುದು ಮಾತ್ರ ಪ್ರತಿ ವರ್ಷ ಭಾಷಣಗಳಲ್ಲಿ ತೀರ್ಮಾನವಾಗುತ್ತದೆ, ಲೆಕ್ಕದಲ್ಲಿ ಆಗುವುದಿಲ್ಲ.

ಲೆಕ್ಕ ಮಾಡುವ ಸಾಧನ ಇಲ್ಲದಿಲ್ಲ. ನದಿಯಲ್ಲಿ ನೀರು ಹೇಗೆ ಹರಿಯುತ್ತದೆ, ಎಲ್ಲಿ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಬಲ್ಲ ಕಂಪ್ಯೂಟರ್ ಮಾದರಿಗಳು ಹಲವು ದಶಕಗಳಿಂದ ಬಳಕೆಯಲ್ಲಿವೆ. ಆದರೆ ಕಂಪ್ಯೂಟರಿಗೆ ನದಿ ಎಂದರೇನೆಂದು ಗೊತ್ತಿಲ್ಲ. ಅದಕ್ಕೆ ನದಿಯನ್ನು ಬರೆದು ಕೊಡಬೇಕು. ಯಾವ ಉಪನದಿ ಎಲ್ಲಿ ಸೇರುತ್ತದೆ, ಪಾತ್ರ ಎಷ್ಟು ಅಗಲ, ಎಷ್ಟು ಆಳ, ಯಾವ ಸೇತುವೆ ಎಲ್ಲಿ ಅಡ್ಡ ನಿಂತಿದೆ ಎಂಬುದನ್ನೆಲ್ಲ ಮನುಷ್ಯನೇ ಅಳೆದು ತುಂಬಬೇಕು. ಬರೆದುಕೊಟ್ಟ ನದಿ ಅರ್ಧವಾಗಿದ್ದರೆ ಬರುವ ಉತ್ತರವೂ ಅರ್ಧವೇ. ಆಲಮಟ್ಟಿ ವಿವಾದದ ಗಂಟು ಇರುವುದು ಇಲ್ಲಿಯೇ. ಇದನ್ನು ಕನ್ನಡ ಸಂಘ-ಸಂಸ್ಥೆಗಳ ಸದಸ್ಯರು ಅರಿತುಕೊಳ್ಳುವುದು ಅತ್ಯಗತ್ಯ.

ಮೊದಲು ನದಿಯನ್ನು ನೋಡೋಣವೆಂದರೆ, ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ಸುಮಾರು 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಹತ್ತಿರ ಹರಿಪುರದಲ್ಲಿ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಬಂದು ಕೂಡುತ್ತವೆ. ಪಂಚಗಂಗಾ ಕೂಡ ಒಂಟಿ ನದಿಯಲ್ಲ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ನದಿಗಳು ಕೊಲ್ಹಾಪುರದ ಮಗ್ಗುಲಲ್ಲಿ ಸೇರಿ ಅದು ಆಗುತ್ತದೆ. ರಾಜಾಪುರ ಬ್ಯಾರೇಜ್ ದಾಟಿ ಕರ್ನಾಟಕಕ್ಕೆ ಬಂದ ಮೇಲೆ ಚಿಕ್ಕೋಡಿ ತಾಲೂಕಿನಲ್ಲಿ, ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗಾ ಸೇರುತ್ತದೆ. ಮುಂದೆ ಹಿಪ್ಪರಗಿ ಬ್ಯಾರೇಜ್, ಆನಂತರ ಆಲಮಟ್ಟಿಯ ಹಿನ್ನೀರು, ಆ ಹಿನ್ನೀರಿಗೇ ಬಂದು ಸೇರುವ ಘಟಪ್ರಭೆ. ನಕ್ಷೆಯ ಮೇಲೆ ಇದು ಕೊಂಬೆ-ರೆಂಬೆ ಚಾಚಿದ ಮರದಂತೆ ಕಾಣುತ್ತದೆ. ಆ ಮರದ ನಡುವೆ ಎಲ್ಲೋ ಒಂದು ರಾಜ್ಯದ ಗಡಿ ಹಾದುಹೋಗಿದೆ.

ಈ ಮರವನ್ನು ಕಂಪ್ಯೂಟರಿಗೆ ಬರೆಯುವ ಕ್ರಮ ಮುಂಬಯಿಯ ಲೋಕಲ್ ರೈಲಿನ ನಕ್ಷೆಗಿಂತ ತುಂಬಾ ಭಿನ್ನವೇನಲ್ಲ. ನದಿಗಳು ಕೂಡುವ ಜಾಗಗಳು ಜಂಕ್ಷನ್‌ಗಳು. ಎರಡು ಜಂಕ್ಷನ್‌ಗಳ ನಡುವಿನ ಹರಿವು ಒಂದು ಮಾರ್ಗ. ಯಾವ ಮಾರ್ಗ ಯಾವುದಕ್ಕೆ ಸೇರುತ್ತದೆ ಎಂಬ ಪಟ್ಟಿ ಮೊದಲು ಸಿದ್ಧವಾಗಬೇಕು. ನಂತರ ಪ್ರತಿ ಮಾರ್ಗದಲ್ಲೂ ಸ್ವಲ್ಪ ಸ್ವಲ್ಪ ದೂರಕ್ಕೆ ನದಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದಂತೆ, ಈ ದಡದಿಂದ ಆ ದಡಕ್ಕೆ ತಳದ ಏರಿಳಿತವನ್ನು ಅಳೆದು ಕೊಡಬೇಕು. ಇದಕ್ಕೆ ಅಡ್ಡಕೊಯ್ತ ಎನ್ನುತ್ತಾರೆ. ಮೂರನೆಯದಾಗಿ, ನೆಲ ನೀರನ್ನು ಎಷ್ಟು ತಡೆಯುತ್ತದೆ ಎಂಬ ಒಂದು ಅಂಕಿ ಬೇಕು. ಇದು 19ನೇ ಶತಮಾನದ ಐರಿಷ್ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ ಹೆಸರಿನಲ್ಲಿದೆ. ಸ್ವಚ್ಛವಾದ ನದಿಪಾತ್ರಕ್ಕೆ ಈ ಅಂಕಿ ಸುಮಾರು 0.03, ಪೊದೆ-ಮರ ದಟ್ಟವಾಗಿದ್ದರೆ 0.1ರವರೆಗೂ ಹೋಗುತ್ತದೆ. ಅಂಕಿ ಇಮ್ಮಡಿಯಾದರೆ ಅದೇ ಆಳ, ಅದೇ ಇಳಿಜಾರಿನಲ್ಲಿ ನೀರಿನ ವೇಗ ಅರ್ಧಕ್ಕಿಳಿಯುತ್ತದೆ. ದಡದ ಉದ್ದಕ್ಕೂ ಕಬ್ಬು ಬೆಳೆದು ನಿಂತ ಆಗಸ್ಟ್ ತಿಂಗಳಲ್ಲಿ ನೆರೆನೀರು ಯಾಕೆ ಬೇಗ ಇಳಿಯುವುದಿಲ್ಲ ಎಂಬುದಕ್ಕೆ ಒಂದು ಕಾರಣ ಈ ಅಂಕಿಯಲ್ಲಿದೆ.

ಜಂಕ್ಷನ್‌ಗಳ ವಿಚಾರ ಇನ್ನೂ ಮುಖ್ಯವಾದದ್ದು. ದಾದರಿನಲ್ಲಿ ಪಶ್ಚಿಮ ಮತ್ತು ಮಧ್ಯ ರೈಲ್ವೆಯ ಗಾಡಿಗಳು ಬೇರೆ ಬೇರೆ ನಿಮಿಷಕ್ಕೆ ಬಂದರೆ ಸೇತುವೆಯ ಮೇಲೆ ಜನ ಸಲೀಸಾಗಿ ದಾಟುತ್ತಾರೆ. ಎರಡೂ ಒಟ್ಟಿಗೆ ಬಂದರೆ ಸೇತುವೆ ತುಂಬಿ, ಮೆಟ್ಟಿಲು ತುಂಬಿ, ಕೊನೆಗೆ ಪ್ಲಾಟ್‌ಫಾರ್ಮಿನಲ್ಲೇ ಜನ ನಿಲ್ಲಬೇಕಾಗುತ್ತದೆ. ನರಸೋಬಾವಾಡಿಯಲ್ಲಿ ಆಗುವುದೂ ಇದೇ. ಕೃಷ್ಣೆಯ ಮಟ್ಟ ಏರಿದ್ದಾಗ ಪಂಚಗಂಗೆಯ ನೀರಿಗೆ ಮುಂದೆ ಜಾಗವಿಲ್ಲ. ಅದು ಹಿಂದಕ್ಕೆ ಒತ್ತಿಕೊಂಡು ಶಿರೋಳ, ಇಚಲಕರಂಜಿಗಳ ಕಡೆಗೆ ಏರುತ್ತದೆ. ಕೆಳಗಿನ ನೀರು ಮೇಲಿನದನ್ನು ತಡೆಯುವ ಈ ಕ್ರಿಯೆಗೇ ಹಿನ್ನೀರಿನ ಪರಿಣಾಮ ಎನ್ನುವುದು.

ಮಾದರಿಗಳಲ್ಲಿ ಎರಡು ಬಗೆಯಿದೆ. ಒಂದು ಬಗೆಯದು ಸರಳ. ಮೇಲಿನ ಕೊಂಬೆಯಿಂದ ಬಂದ ನೀರನ್ನು ಕೆಳಗಿನ ಕೊಂಬೆಗೆ ಕೂಡಿಸುತ್ತಾ, ತಲುಪಲು ಬೇಕಾದ ಸಮಯವನ್ನು ಲೆಕ್ಕ ಹಾಕುತ್ತಾ ಸಮುದ್ರದವರೆಗೂ ಹೋಗುತ್ತದೆ. ಇದರಲ್ಲಿ ಸುದ್ದಿ ಮೇಲಿನಿಂದ ಕೆಳಕ್ಕೆ ಮಾತ್ರ ಸಾಗುತ್ತದೆ. ಇಡೀ ದೇಶದ ನದಿಗಳಿಗೆ ಒಮ್ಮೆಲೇ ಅಂದಾಜು ಮಾಡಲು ಇದು ಅನುಕೂಲ. ಇನ್ನೊಂದು ಬಗೆ, ಫ್ರೆಂಚ್ ಎಂಜಿನಿಯರ್ ಸೇಂಟ್ ವೆನಾಂಟ್ 1871ರಲ್ಲಿ ಬರೆದ ಸಮೀಕರಣಗಳನ್ನು ಪೂರ್ತಿಯಾಗಿ ಬಿಡಿಸುತ್ತದೆ. ಇದರಲ್ಲಿ ಕೆಳಗಿನ ಮಟ್ಟ ಮೇಲಿನದರ ಮೇಲೂ ಪರಿಣಾಮ ಬೀರಬಲ್ಲದು. ಅಮೆರಿಕದ ಸೇನಾ ಎಂಜಿನಿಯರಿಂಗ್ ದಳದ ಹೆಕ್-ರಾಸ್ ಮತ್ತು ಡೆನ್ಮಾರ್ಕಿನ ಮೈಕ್-11 ಈ ಬಗೆಯವು. ಆಲಮಟ್ಟಿಯಿಂದ ಸಾಂಗ್ಲಿಗೆ ತೊಂದರೆಯಿದೆಯೇ ಎಂಬುದು ಕೆಳಗಿನಿಂದ ಮೇಲಕ್ಕೆ ಹೋಗುವ ಪ್ರಶ್ನೆ. ಮೊದಲ ಬಗೆಯ ಮಾದರಿಗೆ ಈ ಪ್ರಶ್ನೆಯನ್ನು ಕೇಳುವುದೂ ಸಾಧ್ಯವಿಲ್ಲ. ಆದ್ದರಿಂದ 'ಕಂಪ್ಯೂಟರ್ ಹೇಳಿದೆ' ಎಂದು ಯಾರಾದರೂ ಅಂದರೆ, ಯಾವ ಬಗೆಯ ಲೆಕ್ಕ ಎಂದು ಮೊದಲು ವಿಚಾರಿಸಬೇಕು.

ಎರಡನೆಯ ಬಗೆಗೂ ಒಂದು ದೌರ್ಬಲ್ಯವಿದೆ. ನದಿಯನ್ನು ಎಲ್ಲಾದರೂ ಒಂದು ಕಡೆ ಕೊನೆಗೊಳಿಸಲೇಬೇಕು. ಆ ಕೊನೆಯಲ್ಲಿ ನೀರಿನ ಮಟ್ಟ ಎಷ್ಟಿತ್ತು ಎಂದು ಹೊರಗಿನಿಂದ ಹೇಳಿಕೊಡಬೇಕು. ಮಹಾರಾಷ್ಟ್ರದ ಎಂಜಿನಿಯರ್ ತನ್ನ ಲೆಕ್ಕವನ್ನು ರಾಜಾಪುರದಲ್ಲಿ ನಿಲ್ಲಿಸಿದನೆಂದು ಇಟ್ಟುಕೊಂಡರೆ, ಅಲ್ಲಿನ ಮಟ್ಟವನ್ನು ಆತ ಊಹಿಸಿಯೇ ಬರೆಯಬೇಕು. ಹೆಚ್ಚು ಎಂದು ಊಹಿಸಿದರೆ ಸಾಂಗ್ಲಿ ಮುಳುಗುವುದಕ್ಕೆ ಕೆಳಗಿನ ನೀರೇ ಕಾರಣವೆಂದು ಕಾಣುತ್ತದೆ, ಕಡಿಮೆ ಎಂದು ಊಹಿಸಿದರೆ ಮೇಲಿನ ಮಳೆಯೇ ಕಾರಣವೆನಿಸುತ್ತದೆ. ಕರ್ನಾಟಕದ ಎಂಜಿನಿಯರ್ ರಾಜಾಪುರದಿಂದಲೇ ಲೆಕ್ಕ ಆರಂಭಿಸಿದರೆ ಆತನಿಗೂ ಇದೇ ಪಾಡು. ಮೇಲಿನಿಂದ ಯಾವ ಗಂಟೆಗೆ ಎಷ್ಟು ನೀರು ಬರುತ್ತದೆಂಬುದು ಆತನಿಗೆ ಹೊರಗಿನ ಸುದ್ದಿ. ವಿವಾದದ ಅಂಕಿಯನ್ನೇ ಊಹೆಯಾಗಿ ತುಂಬಿ, ಅದನ್ನೇ ಉತ್ತರವೆಂದು ಹೊರಗೆ ತೆಗೆದರೆ ಅದು ಲೆಕ್ಕವಾಗುವುದಿಲ್ಲ. ಕರಾಡದಿಂದ ಆಲಮಟ್ಟಿಯ ಅಣೆಕಟ್ಟೆಯವರೆಗೆ ಒಂದೇ ಜಾಲವನ್ನು ಬರೆದಾಗ ಮಾತ್ರ ಗಡಿಯಲ್ಲಿನ ಮಟ್ಟ ತಾನಾಗಿ ಹೊರಬೀಳುತ್ತದೆ.

ಇಲ್ಲಿ ಎಷ್ಟು ಮೀಟರಿನ ವಿಚಾರ ಎಂಬುದನ್ನೂ ಗಮನಿಸಬೇಕು. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.6 ಮೀಟರ್, ಆಗ ಸಂಗ್ರಹ ಸುಮಾರು 123 ಟಿಎಂಸಿ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಇದನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. 2025ರಲ್ಲಿ ಈ ಏರಿಕೆಯ ಮಾತು ಮತ್ತೆ ಮುಂದೆ ಬಂದಾಗ ಮಹಾರಾಷ್ಟ್ರ ಮತ್ತೆ ಆಕ್ಷೇಪಿಸಿತು. ಅಂದರೆ ಎರಡು ರಾಜ್ಯಗಳ ನಡುವಿನ ಜಗಳ 4.656 ಮೀಟರಿನದು. ಇನ್ನು, ಎಲ್ಲರಿಗೂ ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳ ಪೈಕಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಎಂಡೆವರ್ ನೌಕೆ 2000ದ ಫೆಬ್ರವರಿಯಲ್ಲಿ 11 ದಿನಗಳ ಕಾಲ ರಾಡಾರ್‌ನಿಂದ ಅಳೆದದ್ದು. ಅದರಲ್ಲಿ ಎತ್ತರದ ತಪ್ಪು ಕೆಲವು ಮೀಟರ್‌ಗಳಷ್ಟು ಇರಬಹುದು. ನಾಲ್ಕೂವರೆ ಮೀಟರಿನ ಜಗಳವನ್ನು ಕೆಲವು ಮೀಟರ್ ತಪ್ಪಿರುವ ನಕ್ಷೆಯಿಂದ ಬಗೆಹರಿಸಲು ಹೊರಡುವುದು ಬಂಗಾರವನ್ನು ಕಟ್ಟಿಗೆ ಅಡ್ಡೆಯ ತಕ್ಕಡಿಯಲ್ಲಿ ತೂಗಿದಂತೆ.

ಆಕಾಶದಿಂದ ತೆಗೆದ ನಕ್ಷೆಗೆ ಇನ್ನೂ ಕೆಲವು ಕೊರತೆಗಳಿವೆ. ರಾಡಾರ್ ಕಿರಣ ನೀರಿನ ಮೇಲ್ಮೈಯನ್ನು ಮುಟ್ಟಿ ಹಿಂದಿರುಗುತ್ತದೆ, ನದಿಯ ತಳ ಅದಕ್ಕೆ ಕಾಣುವುದಿಲ್ಲ. ಮರಗಳ ತಲೆಯನ್ನೂ ಅದು ಬಹುಮಟ್ಟಿಗೆ ನೆಲವೆಂದೇ ಬಗೆಯುತ್ತದೆ. ಸೇತುವೆ ಅದಕ್ಕೆ ನದಿಗೆ ಅಡ್ಡ ಕಟ್ಟಿದ ಗೋಡೆಯಂತೆ ಕಾಣಬಹುದು. ಆ ಗೋಡೆಯನ್ನು ಕಂಪ್ಯೂಟರಿನಲ್ಲಿ ಕೈಯಾರೆ ಒಡೆದು ನದಿಗೆ ದಾರಿ ಮಾಡಿಕೊಡಬೇಕಾಗುತ್ತದೆ. ನಕ್ಷೆಯಿಂದ ನದಿಯನ್ನು ಹುಡುಕುವ ಸಾಮಾನ್ಯ ವಿಧಾನ ಬಹಳ ಸರಳ: ನೆಲವನ್ನು ಚದುರಂಗದ ಮನೆಗಳಂತೆ ಹೆಚ್ಚಿ, ಪ್ರತಿ ಮನೆಯ ನೀರು ಸುತ್ತಲಿನ ಎಂಟು ಮನೆಗಳಲ್ಲಿ ಅತಿ ಹೆಚ್ಚು ಇಳಿಜಾರಿರುವ ಕಡೆಗೆ ಹರಿಯುತ್ತದೆಂದು ಹಿಡಿಯುತ್ತಾರೆ. ಸಹ್ಯಾದ್ರಿಯ ಕಡಿದಾದ ಕಣಿವೆಗಳಲ್ಲಿ ಇದು ಸರಿ ಹೊಂದುತ್ತದೆ. ಸಾಂಗ್ಲಿಯಿಂದ ಅಥಣಿಯ ಕಡೆಗೆ ಚಾಚಿದ ಸಮತಟ್ಟು ಬಯಲಿನಲ್ಲಿ ನದಿ ಇರುವ ಜಾಗವೇ ತಪ್ಪಬಹುದು. ಹೀಗಾಗಿ ದೋಣಿಯಲ್ಲಿ ಹೋಗಿ ತಳ ಅಳೆಯುವ ಹಳೆಯ ಕೆಲಸಕ್ಕೆ ಬದಲಿಯಿಲ್ಲ. ಹೂಳು ತುಂಬಿದ ಕಡೆ, ಮರಳು ತೆಗೆದ ಕಡೆ, ಹೊಸ ಸೇತುವೆ ಬಂದ ಕಡೆ ಮತ್ತೆ ಮತ್ತೆ ಅಳೆಯಬೇಕು. 2005ರಲ್ಲಿ ಅಳೆದ ತಳ ಇಂದಿನ ತಳವಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ತಿಳಿದಿರುವುದನ್ನೂ ಹೇಳಬೇಕು. 2019ರ ಆಗಸ್ಟ್‌ನಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿ ಹರಿದಳು. ಅದೇ ದಿನಗಳಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರುಗಳೇ ನೀರಿನಲ್ಲಿ ನಿಂತವು. ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಲಾಯಿತು. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಹರಿದರೆ 8.64 ಟಿಎಂಸಿ. ಐದು ಲಕ್ಷವೆಂದರೆ ದಿನಕ್ಕೆ 43 ಟಿಎಂಸಿ. ಬರಿದಾದ ಆಲಮಟ್ಟಿಯೂ ಮೂರು ದಿನದೊಳಗೆ ತುಂಬಿ ತುಳುಕುವಷ್ಟು ನೀರು ಅದು. ಆ ನೆರೆಯ ಕಾರಣ ತಿಳಿಯಲು ಮಹಾರಾಷ್ಟ್ರ ಸರಕಾರವೇ ನೇಮಿಸಿದ ನಂದಕುಮಾರ ವಡನೆರೆ ಸಮಿತಿ 2020ರಲ್ಲಿ ವರದಿ ಕೊಟ್ಟಿತು. ಸಾಂಗ್ಲಿಯ ಮಹಾಪೂರಕ್ಕೆ ಆಲಮಟ್ಟಿ, ಹಿಪ್ಪರಗಿಗಳ ಹಿನ್ನೀರು ಕಾರಣವಲ್ಲ. ಅಸಾಧಾರಣ ಮಳೆ ಮತ್ತು ನದಿಬಯಲಿನ ಒತ್ತುವರಿ ಕಾರಣ ಎಂಬುದು ಅದರ ಅಭಿಪ್ರಾಯದ ಸಾರ. ಇದು ಕನ್ನಡಿಗರು ನೆರೆಹೊರೆಯವರಿಗೆ ಸೌಜನ್ಯದಿಂದ ತಿಳಿಸಬಹುದಾದ ಸಂಗತಿ.

ಆದರೆ ಅಷ್ಟಕ್ಕೇ ಬೀಗುವುದೂ ಸಲ್ಲದು. ವರದಿ 2019ರ ನೆರೆಯನ್ನು ಕುರಿತದ್ದು. ಮಟ್ಟ 524.256 ಮೀಟರಿಗೆ ಏರಿದ ಮೇಲೆ, ಆಗಸ್ಟ್ ಮಧ್ಯದಲ್ಲಿ ಆಲಮಟ್ಟಿ ತುಂಬಿರುವಾಗ, ಕೊಯ್ನಾ-ವಾರಣಾ-ಪಂಚಗಂಗಾ ಮೂರೂ ಒಟ್ಟಿಗೆ ಉಕ್ಕಿ ಬಂದರೆ ಏನಾಗುತ್ತದೆ ಎಂದು ಸಾಂಗ್ಲಿಯ ವ್ಯಾಪಾರಿ ಕೇಳಿದರೆ ಆ ಪ್ರಶ್ನೆಗೆ ಗೌರವದ ಉತ್ತರ ಸಿಗಬೇಕು. ಅದೇ ಏರಿಕೆಯಿಂದ ತನ್ನ ಹೊಲ ಎಷ್ಟು ಮುಳುಗುತ್ತದೆ ಎಂದು ಬಾಗಲಕೋಟೆಯ ರೈತ ಕೇಳಿದರೆ ಆತನಿಗೂ ಅದೇ ಉತ್ತರ ಬೇಕು. ಇಬ್ಬರ ಪ್ರಶ್ನೆಗೂ ಉತ್ತರ ಒಂದೇ ಲೆಕ್ಕದಿಂದ ಬರಬೇಕಾಗಿದೆ.

ಕೆಲಸ ಶೂನ್ಯದಿಂದ ಆರಂಭವಾಗಬೇಕಾಗಿಲ್ಲ ಎಂಬುದು ಸಮಾಧಾನದ ಸಂಗತಿ. ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಕೃಷ್ಣಾ-ಭೀಮಾ ಕಣಿವೆಗೆ ಮಳೆ ಮತ್ತು ನದಿಮಟ್ಟವನ್ನು ಆಗಿಂದಾಗಲೇ ಪುಣೆಗೆ ತಲುಪಿಸುವ ವ್ಯವಸ್ಥೆಯನ್ನು ರೂಪಿಸಿಕೊಂಡಿದೆ. ಕರ್ನಾಟಕದ ಬಳಿ ಹಿಪ್ಪರಗಿ, ಆಲಮಟ್ಟಿಗಳ ಒಳಹರಿವು-ಹೊರಹರಿವಿನ ದಾಖಲೆಯಿದೆ. 2021ರ ಜೂನ್‌ನಲ್ಲಿ ಉಭಯ ರಾಜ್ಯಗಳ ನಾಯಕರು ಬೆಂಗಳೂರಿನಲ್ಲಿ ಕುಳಿತು ನೆರೆ ಸಮನ್ವಯದ ಬಗ್ಗೆ ಮಾತಾಡಿದರು. ಮರುತಿಂಗಳೇ ಮತ್ತೊಂದು ನೆರೆ ಬಂತು. ಅಧಿಕಾರಿಗಳ ನಡುವಿನ ಫೋನ್ ಸಂಭಾಷಣೆ ಒಳ್ಳೆಯದೇ, ಆದರೆ ಅದು ಆ ಹೊತ್ತಿನ ತುರ್ತಿಗೆ ಮಾತ್ರ. ಬೇಕಾಗಿರುವುದು ಇಬ್ಬರೂ ಒಪ್ಪಿದ ಒಂದೇ ನದಿಜಾಲ, ಒಂದೇ ಅಡ್ಡಕೊಯ್ತಗಳ ಕಡತ. ಅದನ್ನು ಕೇಂದ್ರ ಜಲ ಆಯೋಗದಂತಹ ಮೂರನೆಯವರು ಕಾಯ್ದಿಡಬೇಕು ಮತ್ತು ಪ್ರತಿ ಮಳೆಗಾಲದ ನಂತರ ನಡೆದದ್ದರೊಂದಿಗೆ ಹೋಲಿಸಿ ತಿದ್ದಬೇಕು.

ಇದಕ್ಕೊಂದು ಆಕ್ಷೇಪ ಬರುತ್ತದೆ. ಮಾಹಿತಿ ಬಿಟ್ಟುಕೊಟ್ಟರೆ ನ್ಯಾಯಾಲಯದಲ್ಲಿ ತಮ್ಮ ವಾದ ದುರ್ಬಲವಾದೀತು ಎಂಬ ಅಂಜಿಕೆ ಎರಡೂ ರಾಜ್ಯಗಳಿಗೆ ಇರಬಹುದು. ನೀರಿನ ಹಂಚಿಕೆಯ ವಾದ ಬೇರೆ, ನೆರೆಯಿಂದ ಜೀವ ಉಳಿಸುವುದು ಬೇರೆ. ನ್ಯಾಯಮಂಡಳಿಯ ಮುಂದೆ ಎಷ್ಟು ಟಿಎಂಸಿ ಯಾರಿಗೆ ಎಂದು ವಾದಿಸುತ್ತಲೇ, ನದಿಯ ತಳ ಎಷ್ಟು ಆಳವಿದೆ ಎಂಬುದನ್ನು ಹಂಚಿಕೊಳ್ಳಲು ಅಡ್ಡಿಯಿಲ್ಲ. ತಳದ ಆಳಕ್ಕೆ ಪಕ್ಷಪಾತವಿಲ್ಲ.

ಈ ದಾರಿಯನ್ನು ತೋರಿಸಿಕೊಟ್ಟವರಲ್ಲಿ ಕನ್ನಡಿಗರೇ ಒಬ್ಬರಿದ್ದಾರೆ ಎಂಬುದು ಹೆಮ್ಮೆಯ ವಿಷಯ. ಮುಂಬಯಿ ಪ್ರಾಂತದ ಸೇವೆಯಲ್ಲಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ನೆರೆಬಾಗಿಲುಗಳು 1903ರಲ್ಲಿ ಪುಣೆಯ ಹತ್ತಿರದ ಖಡಕವಾಸಲಾದಲ್ಲಿ ಮೊದಲು ಕೂತವು. 1908ರ ಸೆಪ್ಟೆಂಬರ್‌ನಲ್ಲಿ ಕೃಷ್ಣೆಯ ಉಪನದಿಯೇ ಆದ ಮೂಸಿ ಹೈದರಾಬಾದನ್ನು ಕೊಚ್ಚಿದಾಗ, ನಿಜಾಮರ ಸರಕಾರ ಅವರನ್ನು ಕರೆಸಿತು. ಅವರು ನಗರದೊಳಗಿನ ನದಿಯನ್ನು ಮಾತ್ರ ನೋಡಿ ಗೋಡೆ ಕಟ್ಟಿಸಿ ಎನ್ನಲಿಲ್ಲ. ಮೇಲಿನ ಜಲಾನಯನದ ಮಳೆ, ಅಲ್ಲಿನ ಕೆರೆಗಳು, ಅವುಗಳಲ್ಲಿ ಒಡೆದವು, ಎಲ್ಲವನ್ನೂ ಗಣನೆಗೆ ತೆಗೆದುಕೊಂಡು ಊರಿಗೆ ಮೇಲೆಯೇ ಜಲಾಶಯ ಕಟ್ಟಬೇಕೆಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಚಿಂತನೆಯ ಫಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅವರು ಮಾಡಿದ್ದು ಇದನ್ನೇ, ಅಂದರೆ ಇಡೀ ಜಾಲವನ್ನು ಒಟ್ಟಾಗಿ ಲೆಕ್ಕಕ್ಕೆ ಹಿಡಿದದ್ದು. ಅದೇ ಖಡಕವಾಸಲಾದಲ್ಲಿ, 1916ರಲ್ಲಿ ಸ್ಥಾಪನೆಯಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವೂ ಇಂದು ಇದೆ. ಇಂಥ ಕೆಲಸಕ್ಕೆ ಬೇಕಾದ ವಿದ್ಯೆಗೆ ಈ ನಾಡಿನಲ್ಲಿ ಕೊರತೆಯಿಲ್ಲ.

ಮುಂಬಯಿ ಕನ್ನಡಿಗರಿಗೆ ಈ ಪಾಠ ಹೊಸದೂ ಅಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿದಾಗಲೇ, ಮೀಠೀ ಎಂಬುದು ಬರೀ ನಾಲೆಯಲ್ಲ, ನದಿ ಎಂದು ಬಹಳ ಮಂದಿಗೆ ಅರಿವಾದದ್ದು. ವಿಹಾರ, ಪೊವಾಯಿ ಕೆರೆಗಳ ಕೋಡಿಯಿಂದ ಮಾಹಿಮ್ ಖಾರಿಯವರೆಗಿನ ಆ ಪುಟ್ಟ ನದಿಯನ್ನು ಬರೆಯುವುದು ಕೃಷ್ಣೆಯನ್ನು ಬರೆಯುವುದಕ್ಕಿಂತ ಸುಲಭವೇನಲ್ಲ. ರಸ್ತೆಯಡಿಯ ಗಟಾರಗಳೂ ಅದರ ಉಪನದಿಗಳೇ, ಅವು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಕೆಳತುದಿಯಲ್ಲಿ ಸಮುದ್ರದ ಭರತಿ ನೀರನ್ನು ಹಿಂದಕ್ಕೆ ಒತ್ತುತ್ತದೆ. ಕೇಂದ್ರ ಭೂವಿಜ್ಞಾನ ಸಚಿವಾಲಯ ಮತ್ತು ಮಹಾನಗರ ಪಾಲಿಕೆ 2020ರ ಜೂನ್‌ನಲ್ಲಿ ಮುಂಬಯಿಗಾಗಿ ನೆರೆ ಮುನ್ಸೂಚನೆಯ ವ್ಯವಸ್ಥೆಯನ್ನು ಆರಂಭಿಸಿದಾಗ ಮಳೆ, ನದಿ, ಭರತಿ ಮೂರನ್ನೂ ಒಟ್ಟಿಗೆ ಲೆಕ್ಕಕ್ಕೆ ತರಬೇಕಾದದ್ದು ಇದೇ ಕಾರಣದಿಂದ. ಒಂದು ನಗರಕ್ಕೆ ಆಗಬಹುದಾದದ್ದು ಒಂದು ಕಣಿವೆಗೆ ಯಾಕಾಗಬಾರದು?

ಸಂಘ-ಸಂಸ್ಥೆಗಳು ಇದರಲ್ಲಿ ಮಾಡುವುದೇನಿದೆ ಎಂದು ಕೆಲವರು ಕೇಳಿಯಾರು. ಮಾಡುವುದು ಸಾಕಷ್ಟಿದೆ. ಮಾದರಿ ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಹಿಂದಿನ ನೆರೆಗಳಲ್ಲಿ ನೀರು ನಿಜವಾಗಿ ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತು ಬೇಕು. ಅಂಥ ಗುರುತುಗಳು ಸರಕಾರದ ಕಡತಕ್ಕಿಂತ ಮನೆಯ ಗೋಡೆ, ಗುಡಿಯ ಕಂಬ, ಶಾಲೆಯ ಮೆಟ್ಟಿಲುಗಳ ಮೇಲೆ ಹೆಚ್ಚಾಗಿವೆ. 2005, 2019, 2021ರ ನೆರೆಗಳ ಫೋಟೋಗಳು ಊರಿನವರ ಮೊಬೈಲುಗಳಲ್ಲಿ, ಆಲ್ಬಂಗಳಲ್ಲಿ ಇವೆ. ಯಾವ ಊರು, ಯಾವ ಗೋಡೆ, ಯಾವ ದಿನ, ಎಷ್ಟು ಗಂಟೆ ಎಂಬ ನಾಲ್ಕು ವಿವರ ಸೇರಿದರೆ ಒಂದು ಫೋಟೋ ಎಂಜಿನಿಯರನಿಗೆ ಬಹು ದೊಡ್ಡ ಸಾಕ್ಷಿಯಾಗುತ್ತದೆ. ಗಡಿಯ ಎರಡೂ ಕಡೆ ನೆಂಟಸ್ತನ, ಎರಡೂ ಭಾಷೆಯ ಬಲ್ಲತನ ಇರುವ ಹೊರನಾಡ ಕನ್ನಡಿಗರಲ್ಲದೆ ಇನ್ನಾರು ಇದನ್ನು ಶಿರೋಳದಿಂದ ಜಮಖಂಡಿಯವರೆಗೆ ಒಂದೇ ಪಟ್ಟಿಯಾಗಿ ಕೂಡಿಸಬಲ್ಲರು? ಸ್ಥಳೀಯ ಮರಾಠಿ ಸಂಸ್ಥೆಗಳನ್ನೂ ಜೊತೆಗೆ ಸೇರಿಸಿಕೊಂಡರೆ ಕೆಲಸಕ್ಕೆ ತೂಕ ಬರುತ್ತದೆ.

ಎರಡನೆಯದಾಗಿ, ನೀರಾವರಿ ಇಲಾಖೆಗಳಲ್ಲಿ ದುಡಿದು ನಿವೃತ್ತರಾದ ಎಂಜಿನಿಯರುಗಳು ಹಲವು ಸಂಘಗಳಲ್ಲಿ ಸದಸ್ಯರಾಗಿರುತ್ತಾರೆ. ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿ ಕಳುಹಿಸುವುದರ ಜೊತೆಗೆ, ಕೃಷ್ಣೆಯ ಬಗ್ಗೆ ಕನ್ನಡ-ಮರಾಠಿ ಎರಡರಲ್ಲೂ ಅವರಿಂದ ಒಂದು ಉಪನ್ಯಾಸ ಏರ್ಪಡಿಸಬಹುದು. ಮೂರನೆಯದಾಗಿ, ಎರಡೂ ಸರಕಾರಗಳಿಗೆ ಒಂದೇ ಒಕ್ಕಣೆಯ ಮನವಿ ಹೋಗಬೇಕು. ಕರಾಡದಿಂದ ಆಲಮಟ್ಟಿಯವರೆಗಿನ ಅಡ್ಡಕೊಯ್ತಗಳನ್ನು ಜಂಟಿಯಾಗಿ ಅಳೆಯಿರಿ, ಕೊಯ್ನಾದಿಂದ ಹಿಡಿದು ಆಲಮಟ್ಟಿಯವರೆಗೆ ಗಂಟೆಗಂಟೆಯ ಮಟ್ಟವನ್ನು ಎರಡೂ ಕಡೆಯ ಜನರಿಗೆ ಕಾಣುವಂತೆ ಪ್ರಕಟಿಸಿ ಎಂಬುದು ಆ ಮನವಿಯ ತಿರುಳಾಗಬೇಕು. ಕರ್ನಾಟಕಕ್ಕೆ ಮೆಚ್ಚುಗೆಯಾಗಲೆಂದು ಒಂದು ಮಾತು, ಮಹಾರಾಷ್ಟ್ರಕ್ಕೆ ಹಿತವಾಗಲೆಂದು ಇನ್ನೊಂದು ಮಾತು ಬರೆದರೆ ಪ್ರಯೋಜನವಾಗದು.

ಕಂಪ್ಯೂಟರ್ ಮಾದರಿ ಮಳೆಯನ್ನು ನಿಲ್ಲಿಸುವುದಿಲ್ಲ, ರಾಜಕಾರಣವನ್ನೂ ನಿಲ್ಲಿಸಲಾರದು. ಆದರೆ ಸಾಂಗ್ಲಿಯ ಪೇಟೆಗೆ ನೀರು ನುಗ್ಗುವ ಹಲವು ಗಂಟೆ ಮುಂಚೆ ಅಂಗಡಿಯವನಿಗೆ, ಕೃಷ್ಣಾ ತೀರದ ಹಳ್ಳಿಗೆ ನೀರು ಬರುವ ಒಂದು ದಿನ ಮುಂಚೆ ದನಕರು ಕಟ್ಟಿಕೊಂಡ ರೈತನಿಗೆ ನಂಬಬಹುದಾದ ಒಂದು ಮಾತು ಹೇಳಬಲ್ಲದು. ಅದಕ್ಕೆ ನದಿಯನ್ನು ಇಡಿಯಾಗಿ ಬರೆದುಕೊಡಬೇಕು. ಅಳತೆಯ ಕೆಲಸಕ್ಕೆ ನೀರು ಇಳಿದಿರುವ ಬೇಸಗೆಯೇ ಸಕಾಲ. ಮುಂದಿನ ಮಳೆಗಾಲದಲ್ಲಿ ಅದೇ ಹಳೆಯ ದೂರು ಮತ್ತೆ ಕೇಳಿಬರುವ ಮುನ್ನ ಈ ದಿಸೆಯಲ್ಲಿ ಮೊದಲ ಹೆಜ್ಜೆ ಇಡುವಂತೆ ಉಭಯ ಸರಕಾರಗಳ ಮೇಲೆ ಒತ್ತಡ ತರುವುದು ಸಂಘ-ಸಂಸ್ಥೆಗಳ ಪದಾಧಿಕಾರಿಗಳ ಕರ್ತವ್ಯವಾಗಿದೆ.